ನಡುವಿನ ಹಾದಿ

ಮೊಮ್ಮಗ ಕಂಪ್ಯೂಟರಿನಲ್ಲಿ ಊರು ಕಟ್ಟುವ ಆಟ ಆಡುತ್ತಿದ್ದ. ನದಿಯ ದಂಡೆಯ ಜನರನ್ನು ಬೆಟ್ಟದಾಚೆಯ ಹೊಸ ನೆಲೆಗೆ ಸಾಗಿಸಬೇಕಾಗಿತ್ತು. ಒಮ್ಮೆ ಬೆರಳೊತ್ತಿದ, ಎಲ್ಲರೂ ಅಲ್ಲಿದ್ದರು. "ದಾರ್‍ಯಾಗ ಏನ ಉಂಡ್ರೋ?" ಎಂದು ಕೇಳಿದೆ. "ದಾರಿ ಎಲ್ಲದ ಅಜ್ಜಾ? ಇದ್ರ ಆಟ ಬ್ಯಾಸರ ಆಗ್ತದ" ಎಂದ.

ಹುಡುಗನ ಮಾತನ್ನು ತಳ್ಳಿಹಾಕುವಂತಿಲ್ಲ. ಆಟವಿರುವುದು ದಣಿವಾರಿಸಿಕೊಳ್ಳಲು. ಅದೂ ಅಲ್ಲದೆ ಇಂಡಿ, ಸಿಂದಗಿಯ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಗೋವೆಗೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುವವರ ಬವಣೆಯನ್ನು ಫ್ಯಾನಿನ ಕೆಳಗೆ ಕುಳಿತವನು ಪರದೆಯ ಮೇಲೆ ಆಡಿ ಸವಿಯುವುದು ಒಂದು ಬಗೆಯ ನಿರ್ದಯತೆಯೇ ಸರಿ. ಇನ್ನೊಬ್ಬರ ಬಾಯಾರಿಕೆ ನಮಗೆ ಮನರಂಜನೆಯಾಗಬಹುದೆ?

ಆದರೂ ಹಳೆಯ ಆಟಗಳನ್ನು ನೋಡಿ. ನಮ್ಮ ಚೌಕಾಬಾರದಲ್ಲಿ ಕಾಯಿ ಹಣ್ಣಾಗಬೇಕಾದರೆ ಮನೆಮನೆ ಸುತ್ತಬೇಕು. ನಡುದಾರಿಯಲ್ಲಿ ಹೊಡೆತ ತಿಂದರೆ ಹೊರಟಲ್ಲಿಗೇ ಮರಳಬೇಕು. ಅಮೆರಿಕದ ಮಿನೆಸೋಟಾದಲ್ಲಿ 1971ರಲ್ಲಿ ಮೂವರು ತರುಣರು ಶಾಲೆಯ ಇತಿಹಾಸಪಾಠಕ್ಕೆಂದು 'ಆರೆಗಾನ್ ಟ್ರೇಲ್' ಎಂಬ ಕಂಪ್ಯೂಟರ್ ಆಟ ರಚಿಸಿದರು. ವಲಸೆಗಾರರ ಬಂಡಿ ಪಡುವಣಕ್ಕೆ ಹೊರಡುತ್ತದೆ. ಕೈಯಲ್ಲಿರುವ ಹಣದಲ್ಲಿ ಎತ್ತಿಗೆಷ್ಟು, ಕಾಳಿಗೆಷ್ಟು, ಬಟ್ಟೆಗೆಷ್ಟು ಎಂದು ಮೊದಲೇ ನಿಶ್ಚಯಿಸಬೇಕು. ಎಡವಿದರೆ ಹಾದಿಯಲ್ಲಿ ಹಸಿವು, ರೋಗ, ಸಾವು. ಈಚಿನ 'ರಿಮ್‌ವರ್ಲ್ಡ್' ಆಟದಲ್ಲಿಯೂ ದೂರ ಹೊರಟ ತಂಡ ಇರುಳು ತಂಗಬೇಕು. ಬುತ್ತಿ ತೀರಿದರೆ ಉಪವಾಸ. ಇಂಥ ಕಡೆ ಕಷ್ಟವು ಕಳಿಸುವವನ ತೀರ್ಮಾನವನ್ನೇ ಬದಲಿಸುತ್ತದೆ.

ನಮ್ಮ ಸೀಮೆಯ ರೈಲು ಈ ಲೆಕ್ಕವನ್ನು ಹೆಸರಿನಲ್ಲಿಯೇ ಹೇಳುತ್ತದೆ. ನಿಲ್ದಾಣಗಳು 'ಇಂಡಿ ರೋಡ್', 'ಬಸವನ ಬಾಗೇವಾಡಿ ರೋಡ್'. ಊರು ಇನ್ನೂ ಬಂದಿಲ್ಲ, ಮುಂದೆ ಹಾದಿಯುಂಟು ಎಂದು ಆ 'ರೋಡ್' ಪ್ರಾಮಾಣಿಕವಾಗಿ ತಿಳಿಸುತ್ತದೆ. ಸಿಂದಗಿ, ಮುದ್ದೇಬಿಹಾಳಗಳಿಗೆ ಅಷ್ಟು ರೈಲೂ ಇಲ್ಲ. ನಕಾಶೆಯಲ್ಲಿ ಮಾತ್ರ ಎಲ್ಲವೂ ಬೆರಳಳತೆ.

ಆ ಬೆರಳು ಒಮ್ಮೆ ನನ್ನದೂ ಆಗಿತ್ತು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿಗೆ ಮುಂದೆ ಕೃಷ್ಣೆಯ ನೀರು ನಿಲ್ಲತೊಡಗಿದಾಗ ದಂಡೆಯ ಹಳ್ಳಿಗಳು ಏಳಬೇಕಾಯಿತು. ಬಾಗೇವಾಡಿಯ ಕಡೆಯ ನನ್ನ ಸೋದರತ್ತೆಯ ಊರೂ ಅವುಗಳಲ್ಲೊಂದು. ಆಕೆಯನ್ನು ಒಪ್ಪಿಸಲು ಮನೆಯವರು ನನ್ನನ್ನು ಕಳಿಸಿದ್ದರು. "ಎರಡ ಹರದಾರಿ ಅಷ್ಟ ಅತ್ತಿ" ಎಂದೆ. ಆಕೆ ಬಾಗಿಲ ಚೌಕಟ್ಟನ್ನು ಕೀಳಿಸುತ್ತಿದ್ದಳು. "ಚೌಕಟ್ಟ ಗಾಡ್ಯಾಗ ಬರ್ತದ ತಮ್ಮಾ. ಬಾವಿ ಬರ್ತದೇನು?" ಎಂದಳು. ನಾನು ಉತ್ತರ ಕೊಡದೆ, ಬಸ್ಸಿನ ಹೊತ್ತಾಯಿತೆಂದು ಎದ್ದೆ. ಗಾಡಿ ಹೊರಟ ದಿನವೂ ನಾನು ಅಲ್ಲಿರಲಿಲ್ಲ.

ನಾಡಿಗೆ ನೀರು ಬೇಕಿತ್ತು, ಆ ಮಾತು ನಿಜ. ಎರಡು ಹರದಾರಿ ಎಷ್ಟು ಉದ್ದವೆಂದು ನಾನು ಕೇಳಿ ತಿಳಿಯಬಹುದಾಗಿತ್ತು, ಅದೂ ನಿಜ.

ಆದ್ದರಿಂದ ಆಟದಲ್ಲಿ ಹಾದಿಯ ತೊಡಕನ್ನು ಸೇರಿಸಬೇಕೆ ಎಂದರೆ, ಸೇರಿಸಲಿ ಎನ್ನುತ್ತೇನೆ. ಅದರಿಂದ ಹುಡುಗನಿಗೆ ಪರರ ದುಃಖ ತಿಳಿದುಬಿಟ್ಟೀತೆಂಬ ಭ್ರಮೆ ನನಗಿಲ್ಲ. ದುಃಖ ಅಷ್ಟು ಅಗ್ಗಕ್ಕೆ ತಿಳಿಯುವಂಥದಲ್ಲ. ಜನರನ್ನು ಎಬ್ಬಿಸುವ ಮುನ್ನ ಬೆರಳು ಅರೆಗಳಿಗೆ ತಡೆದರೆ ಸಾಕು. ನಾಳೆ ಅವನು ಅಧಿಕಾರಿಯಾದಾನು, ಇಂಜಿನಿಯರನಾದಾನು. ಏನೂ ಆಗದಿದ್ದರೆ, ನನ್ನಂತೆ ಯಾರದೋ ಬಾಗಿಲಿಗೆ ಬುದ್ಧಿ ಹೇಳಲು ಹೋದ ನೆಂಟನಾದರೂ ಆದಾನು.