ಏಕಾದಶಿಯೂ ಮಧುಮೇಹವೂ

ದಶಮಿಯ ಮಧ್ಯಾಹ್ನದ ಭೋಜನದಿಂದ ದ್ವಾದಶಿಯ ಪಾರಣೆಯವರೆಗೆ ಸುಮಾರು ನಲವತ್ತು ಗಂಟೆಗಳು. ಪುಣೆಗೆ ಬಂದು ನೆಲೆಸಿದ ಮೇಲೂ ನಾವು ಈ ಕ್ರಮವನ್ನು ಬಿಟ್ಟಿರಲಿಲ್ಲ. ಮಧುಮೇಹವೆಂದು ತಿಳಿದ ನಂತರದ ಮೊದಲ ಏಕಾದಶಿಯಂದು, ವೈದ್ಯರನ್ನು ಕೇಳದೆ, ತೀರ್ಥದೊಡನೆ ಮಾತ್ರೆ ನುಂಗಿ ಉಪವಾಸವಿದ್ದೆವು. ಸಂಜೆಗೆ ಮೈ ಬೆವೆತು ಕೈ ನಡುಗತೊಡಗಿತು; ಮನೆಯವರು ಸಕ್ಕರೆನೀರು ಕುಡಿಸಿದರು. ಪ್ರಾಣ ಉಳಿಯಿತು, ವ್ರತ ಉಳಿಯಿತೇ?

ಕೆಲವು ಮಾತ್ರೆಗಳೂ ಇನ್ಸುಲಿನ್ನೂ ಹೊಟ್ಟೆ ಬರಿದಾಗಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಉದ್ಯೋಗಪರ್ವದಲ್ಲಿ ವಿದುರನು ವ್ರತವನ್ನು ಕೆಡಿಸದ ಎಂಟನ್ನು ಎಣಿಸುವಾಗ ನೀರು, ಹಣ್ಣು, ಹಾಲುಗಳೊಡನೆ ಗುರುವಚನವನ್ನೂ ಔಷಧವನ್ನೂ ಸೇರಿಸಿದ್ದಾನೆ. ಅಂದಿನ ಸಕ್ಕರೆನೀರು ಔಷಧವೇ ಸರಿ. ಅದೇ ನೆಪದಲ್ಲಿ ಸಾಬೂದಾಣಿ ಖಿಚಡಿಯ ತಟ್ಟೆಗೆ ಕೈಯಿಕ್ಕಿದರೆ? (ಪುಣೆಯಲ್ಲಿ ಉಪವಾಸವೆಂದರೆ ಅದೇ ತಾನೆ!) ಅದು ಬಹುಪಾಲು ಪಿಷ್ಟವೇ; ನಮ್ಮ ವ್ರತಕ್ಕೂ ಸಲ್ಲದು, ರೋಗಕ್ಕೂ ಸಲ್ಲದು.

ಇದು ಜಿಹ್ವಾಚಾಪಲ್ಯದ ಫಲವೆಂದು ಹಂಗಿಸುವವರಿದ್ದಾರೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕರೂ ಆಂಗ್ಲ ವೈದ್ಯ ಯುಡ್ಕಿನ್ನರೂ 2004ರಲ್ಲಿ ತಮ್ಮ ದೇಹಗಳನ್ನೇ ಹೋಲಿಸಿ ತೋರಿಸಿದರು: ಎತ್ತರಕ್ಕೆ ತಕ್ಕ ತೂಕದ ಪ್ರಮಾಣ ಇಬ್ಬರದೂ ಒಂದೇ, ಮೈಯ ಕೊಬ್ಬು ಮಾತ್ರ ಯುಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ತೆಳ್ಳಗೆ ಕಾಣುವ ನಮ್ಮವರಿಗೂ ಈ ರೋಗವೇಕೆಂಬುದಕ್ಕೆ ಇದೊಂದು ಸುಳಿವು. ದೋಷವೆಲ್ಲ ನಾಲಗೆಯದಲ್ಲ, ನಾಲಗೆ ನಿರ್ದೋಷಿಯೆಂದೂ ನಾವು ವಾದಿಸುವುದಿಲ್ಲ.

ಈಗ ದಶಮಿಗೆ ಮುಂಚೆಯೇ ವೈದ್ಯರನ್ನು ಕೇಳಿ ಮಾತ್ರೆಯ ಕ್ರಮವನ್ನು ಬದಲಿಸಿಕೊಂಡು, ಏಕಾದಶಿಯಂದು ಹಾಲು ಸ್ವೀಕರಿಸುತ್ತೇವೆ. ಆರಾಧನೆಯ ಪಂಕ್ತಿಯಲ್ಲಿ ಹಯಗ್ರೀವ ಬಂದಾಗ, ಪ್ರಸಾದವೆಂದು ಕಡಲೆಕಾಳಿನಷ್ಟು ಬಡಿಸಿಕೊಂಡು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಬಡಿಸುವವರು ಇನ್ನೂ ಒಪ್ಪಿಲ್ಲ.