ದಂಡದ ಅವಧಿ, ಕಳಂಕದ ಅವಧಿ

ಅತ್ಯಾಚಾರದ ಅಪರಾಧಕ್ಕಾಗಿ ಸೆರೆವಾಸ ಮುಗಿಸಿ ಹೊರಬಂದವನ ದಂಡವು ಸೆರೆಮನೆಯ ಬಾಗಿಲಲ್ಲಿಯೇ ತೀರಿತೆ, ಇಲ್ಲವೆ ಆಯುಷ್ಯವಿರುವವರೆಗೂ ಅವನ ಬೆನ್ನು ಹತ್ತತಕ್ಕದ್ದೆ? ಮನುಸ್ಮೃತಿಯು ಇಂಥ ಪ್ರಶ್ನೆಗೆ ಎರಡು ಬಗೆಯಾಗಿ ಉತ್ತರಿಸುತ್ತದೆ. ರಾಜದಂಡವನ್ನು ಅನುಭವಿಸಿದ ಪಾಪಿಯು ನಿರ್ಮಲನಾಗುವನೆಂದು ಎಂಟನೆಯ ಅಧ್ಯಾಯ; ಗುರುಪತ್ನಿಯನ್ನು ಕೂಡಿದವನ ಹಣೆಗೆ ಬರೆಯಿಟ್ಟು, ಪಂಕ್ತಿಯಿಂದಲೂ ವಿವಾಹಸಂಬಂಧದಿಂದಲೂ ಅವನನ್ನು ಹೊರಗಿಡಬೇಕೆಂದು ಒಂಬತ್ತನೆಯದು. ಹಣೆಗೆ ಬರೆಯಿಡುವ ಆ ವಿಧಿಯಲ್ಲಿ ಸ್ತ್ರೀಯ ಸಮ್ಮತಿಯ ವಿಚಾರವೇ ಇಲ್ಲ. ವರ್ಣವನ್ನು ನೋಡಿ ದಂಡವನ್ನು ಹೆಚ್ಚುಕಡಿಮೆ ಮಾಡಿದ್ದೂ ಇಂದು ಸಲ್ಲದು. ಆದರೂ ಒಂದು ವಿವೇಕವು ಅಲ್ಲಿಂದ ಎತ್ತಿಕೊಳ್ಳತಕ್ಕದ್ದಾಗಿದೆ: ಪ್ರಾಯಶ್ಚಿತ್ತ ಮಾಡಿಕೊಂಡವನ ಹಣೆಗೆ ಬರೆಯಿಲ್ಲ.

ಇಂದಿನ ಕಾಯಿದೆಯು ಹಣೆಯನ್ನು ಮುಟ್ಟುವುದಿಲ್ಲ, ಆದರೆ ಮರೆಯುವುದೂ ಇಲ್ಲ. 2018ರ ತಿದ್ದುಪಡಿಯಿಂದ ಕನಿಷ್ಠ ಶಿಕ್ಷೆಯು 10 ವರ್ಷಗಳ ಕಠಿನ ಸೆರೆವಾಸ; 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಷ್ಟೇ. ಬಿಡುಗಡೆಯಾದ ಮೇಲೆ ಮತ್ತೆ 6 ವರ್ಷ ಶಾಸನಸಭೆಗಳ ಚುನಾವಣೆಗೆ ನಿಲ್ಲುವಂತಿಲ್ಲ. ಸರಕಾರಿ ನೌಕರನನ್ನು ಬೇರೆ ವಿಚಾರಣೆಯಿಲ್ಲದೆ ವಜಾ ಮಾಡಲು ಸಂವಿಧಾನದ 311ನೆಯ ವಿಧಿಯು ಅವಕಾಶ ಕೊಡುತ್ತದೆ. ಇಂಥ ಅಪರಾಧಿಗಳ ರಾಷ್ಟ್ರೀಯ ಯಾದಿಯು 2018ರ ಸೆಪ್ಟೆಂಬರದಲ್ಲಿ ಸಿದ್ಧವಾಯಿತು. ಅಮೇರಿಕೆಯಲ್ಲಿ ಇಂಥ ಯಾದಿಯನ್ನು ನೆರೆಹೊರೆಯವರೂ ತೆರೆದು ನೋಡಬಹುದು; ನಮ್ಮಲ್ಲಿ ಅದು ಪೋಲೀಸರ ಕೈಯಲ್ಲಿ ಮಾತ್ರ ಇರುವುದು. ಇದು ಯೋಗ್ಯವಾದದ್ದೇ. ಕಾವಲುಗಾರನಿಗೆ ನೆನಪು ಬೇಕು. ಆದರೆ ಆ ನೆನಪು ಓಣಿಯ ಪಾಲಾದರೆ ಕಲ್ಲು ಬೀಳುವುದು ಅವನ ತಾಯಿಯ ಮನೆಯ ಮೇಲೆ, ಅವನ ಮಗಳ ಲಗ್ನದ ಮಾತುಕತೆಯ ಮೇಲೆ. ಅವರು ಮಾಡಿದ ತಪ್ಪೇನು?

ಊರಿನ ನ್ಯಾಯವೇ ವಿಚಿತ್ರವಾದದ್ದು. 2024ರ ಜನವರಿಯಲ್ಲಿ ಹಾನಗಲ್ ತಾಲೂಕಿನಲ್ಲಿ ಒಬ್ಬ ಸ್ತ್ರೀಯು ತನ್ನ ಮೇಲೆ ಹಲವರು ಕೂಡಿ ಅತ್ಯಾಚಾರ ಮಾಡಿದರೆಂದು ದೂರಿದಳು. 2025ರ ಮೇ ತಿಂಗಳಲ್ಲಿ ಜಾಮೀನು ಪಡೆದ ಆರೋಪಿಗಳು ಅಕ್ಕಿಆಲೂರಿನಲ್ಲಿ ವಾಹನಗಳ ಮೆರವಣಿಗೆಯಲ್ಲಿ ಬಂದರು. ಅದಕ್ಕಾಗಿ ಪೋಲೀಸರು ಬೇರೊಂದು ಪ್ರಕರಣವನ್ನೇ ದಾಖಲಿಸಬೇಕಾಯಿತು. ಆರೋಪವು ಅಪರಾಧವಲ್ಲ, ನಿಜ. ಜಾಮೀನು ಬಿಡುಗಡೆಯೂ ಅಲ್ಲ. ನ್ಯಾಯಾಲಯವು ಇನ್ನೂ ತೂಗುತ್ತಿರುವಾಗ ಬೀದಿಯಲ್ಲಿ ಇಂಥ ಸಂಭ್ರಮವೇತಕ್ಕೆ? ಆ ದಿನ ಆ ಸ್ತ್ರೀಯು ಯಾವ ಬೀದಿಯಲ್ಲಿ ನಡೆಯಬೇಕಾಗಿತ್ತು?

ಪ್ರಾಯಶ್ಚಿತ್ತದ ಮಾತು ಇಲ್ಲಿಯೇ ತೊಡಕಾಗುವುದು. ದೇವರ ಮುಂದೆ ಮುಡಿ ಕೊಟ್ಟು ಬಂದವನು ತಾನು ಶುದ್ಧನಾದೆನೆಂದು ತಿಳಿಯಬಹುದು. ಕೆಟ್ಟದ್ದು ಮಾತ್ರ ದೇವರಿಗಾಗಿರಲಿಲ್ಲ. ಅಪರಾಧಿಯ ಪಶ್ಚಾತ್ತಾಪವನ್ನು ಅಳೆಯಬೇಕಾದದ್ದು ನೊಂದವಳ ನಿರ್ಭಯತೆಯಿಂದ. ಅವಳ ಹೆಸರನ್ನು ಅಚ್ಚು ಹಾಕಿದವನಿಗೆ 2 ವರ್ಷದವರೆಗೆ ಸೆರೆವಾಸವಿದೆ. ಆದರೆ ಕಟ್ಟೆಯ ಮೇಲಿನ ಪಿಸುಮಾತಿಗೆ ಅಚ್ಚಿನ ಮೊಳೆಗಳು ಬೇಕಾಗುವುದಿಲ್ಲ. ಅವನಿಗೆ 10 ವರ್ಷವೆಂದು ನ್ಯಾಯಾಧೀಶನು ಎಣಿಸಿ ಹೇಳುತ್ತಾನೆ. ಅವಳಿಗೆ ಎಷ್ಟು ವರ್ಷವೆಂದು ಯಾರೂ ಹೇಳಿರುವುದಿಲ್ಲ. ಅವನು ಅವಧಿ ತೀರಿಸಿಕೊಂಡು ಅದೇ ಓಣಿಗೆ ಮರಳಿದ ದಿನ, ಹಗಲಿನಲ್ಲಿಯೇ ಕದವಿಕ್ಕಿಕೊಂಡು ಕುಳ್ಳಿರುವವಳು ಅವಳೇ.