ಕರ್ತನಲ್ಲಿ ವಿಧೇಯರಾಗಿರುವದು



ಎಫೆಸದ ಸಭೆಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದ ಮೊದಲನೆಯ ವಚನವನ್ನು ನಮ್ಮ ಸಭೆಗಳಲ್ಲಿ ಅಕ್ಷರ ಬಾರದ ತಂದೆಗಳು ಸಹ ಬಾಯಿಪಾಠವಾಗಿ ಬಲ್ಲರು. ಮಕ್ಕಳು ಹೆತ್ತವರ ಮಾತಿಗೆ ಒಳಪಟ್ಟಿರಬೇಕೆಂಬದೇ ಅದರ ಅಭಿಪ್ರಾಯವು. ನಾಲ್ಕನೆಯ ವಚನವನ್ನು ಹೇಳಿರೆಂದರೆ ಮಾತ್ರ ಅನೇಕರು ಸುಮ್ಮನಾಗುತ್ತಾರೆ. ಅಲ್ಲಿ ಅಪೊಸ್ತಲನಾದ ಪೌಲನು ತಂದೆಗಳ ಕಡೆಗೆ ತಿರುಗಿ, ಮಕ್ಕಳನ್ನು ಕೆಣಕಿ ರೇಗಿಸದೆ ಕರ್ತನಿಗೆ ಒಪ್ಪುವ ಶಿಕ್ಷಣದಲ್ಲಿ ಸಾಕಬೇಕೆಂದು ಅಪ್ಪಣೆಕೊಡುತ್ತಾನೆ.

ಈ ಅಪ್ಪಣೆಯು ಎಂಥಾ ಕಾಲದಲ್ಲಿ ಕೊಡಲ್ಪಟ್ಟಿತೆಂದು ಆಲೋಚಿಸೋಣ. ರೋಮಾಪುರದ ಕಾನೂನಿನ ಪ್ರಕಾರ ಮನೆಯ ಯಜಮಾನನಿಗೆ ತನ್ನ ಮಕ್ಕಳ ಪ್ರಾಣದ ಮೇಲೆಯೂ ಅಧಿಕಾರವಿತ್ತು. ಹುಟ್ಟಿದ ಶಿಶುವನ್ನು ಸಾಕುವದೋ ಹೊರಗೆ ಬಿಡುವದೋ ಎಂಬದು ಅವನ ಇಷ್ಟ. ಕ್ರಿ. ಪೂ. 1ನೆಯ ವರುಷದಲ್ಲಿ, ಐಗುಪ್ತ ದೇಶದೊಳಗೆ ಕೆಲಸಕ್ಕಾಗಿ ಊರು ಬಿಟ್ಟಿದ್ದ ಹಿಲಾರಿಯೋನನೆಂಬವನು ತನ್ನ ಹೆಂಡತಿಗೆ ಬರೆದ ಒಂದು ಕಾಗದವು ಇಂದಿನ ವರೆಗೂ ಉಳಿದದೆ. ಮನೆಯಲ್ಲಿದ್ದ ಚಿಕ್ಕ ಮಗುವನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ಕಕ್ಕುಲತೆಯಿಂದ ಬೇಡಿಕೊಂಡು, ಅದೇ ಕಾಗದದಲ್ಲಿ, ಹುಟ್ಟುವದು ಗಂಡಾದರೆ ಉಳಿಸಬೇಕೆಂದೂ ಹೆಣ್ಣಾದರೆ ಹೊರಗೆ ಹಾಕಬೇಕೆಂದೂ ತಿಳಿಸಿದ್ದಾನೆ. ಅವನನ್ನು ಕ್ರೂರಿಯೆಂದು ಹೇಳಲಾರೆವು. ಹೆಂಡತಿಯನ್ನು ಮರೆಯುವೆನೇ ಎಂಬ ಪ್ರೀತಿಯೂ ಅದರಲ್ಲಿ ಕಾಣುತ್ತದೆ. ಮಕ್ಕಳು ತಂದೆಯ ಸೊತ್ತು ಎಂಬದೇ ಆ ಕಾಲದ ಎಣಿಕೆಯಾಗಿತ್ತು. ಅಂಥಾ ಲೋಕದಲ್ಲಿ ಒಂದು ಸಭೆಯು ಕೂಡಿಬಂದು, ಮಕ್ಕಳೂ ಕೂತು ಕೇಳುತ್ತಿರುವಾಗಲೇ, ತಂದೆಗೂ ಮೇಲೆ ಒಬ್ಬ ಕರ್ತನುಂಟೆಂದು ಗಟ್ಟಿಯಾಗಿ ಓದಲಾಯಿತು.

ಕೊಲೊಸ್ಸೆಯವರಿಗೆ ಬರೆಯುವಾಗ ಪೌಲನು ಕಾರಣವನ್ನೂ ಕೂಡಿಸುತ್ತಾನೆ: ಮಕ್ಕಳ ಮನಸ್ಸು ಕುಗ್ಗಿಹೋದೀತೆಂಬದೇ. ಹೊಲದಲ್ಲಿ ಧಣಿಯಿಂದ ಬೈಸಿಕೊಂಡ ಸಿಟ್ಟನ್ನು ಸಾಯಂಕಾಲ ಮಗನ ಬೆನ್ನಿನ ಮೇಲೆ ತೀರಿಸುವವನು ಶಿಕ್ಷಿಸುವದಿಲ್ಲ. ತಪ್ಪು ಮಾಡದವನ ಮೇಲೆ ಸೇಡು ತೀರಿಸುತ್ತಾನೆ. ಹುಡುಗನು ಎದುರು ಮಾತಾಡದೆ ಮೂಲೆಯಲ್ಲಿ ಕೂತುಕೊಳ್ಳುವನು. ತಂದೆಯು ಅದನ್ನು ವಿಧೇಯತ್ವವೆಂದು ತಿಳಿದು ಸಂತೋಷಪಡುವನು. ಹತ್ತು ವರುಷಗಳ ಮೇಲೆ, ಪಟ್ಟಣಕ್ಕೆ ಕೂಲಿಗೆ ಹೋದ ಆ ಮಗನಿಂದ ಒಂದು ಸುದ್ದಿಯೂ ಬಾರದಿರುವಾಗ, ಯಾಕೆ ಹೀಗಾಯಿತು ಅಯ್ಯಾ, ಎಂದು ನಮ್ಮ ಬಳಿಗೆ ಬಂದು ಕೇಳುವನು.

ಹಾಗಾದರೆ ಗದರಿಸಲೇ ಬಾರದೋ? ಹಾಗಲ್ಲ. ಯಾಜಕನಾದ ಏಲಿಯು ತನ್ನ ಇಬ್ಬರು ಮಕ್ಕಳಿಗೆ ಬುದ್ಧಿ ಹೇಳಿದನು, ತಡೆಯಲಿಲ್ಲ. ದಾವೀದನು ಅದೋನೀಯನನ್ನು ಒಮ್ಮೆಯೂ ನೋಯಿಸಿ ಕೇಳಲಿಲ್ಲ. ಆ ಮನೆಗಳ ಗತಿ ಏನಾಯಿತೆಂದು ನೀವೇ ಸತ್ಯವೇದವನ್ನು ತೆರೆದು ನೋಡಿರಿ.

ನಮ್ಮ ಕರ್ತನ ಮನೆಯ ಸಂಗತಿಯನ್ನು ಲೂಕನು ಬರೆದಿಟ್ಟಿದ್ದಾನೆ. 12 ವರುಷದ ಬಾಲಕನು ಯೆರೂಸಲೇಮಿನಲ್ಲಿ ಉಳಿದು, ಮೂರು ದಿನಗಳ ಮೇಲೆ ದೇವಾಲಯದಲ್ಲಿ ಸಿಕ್ಕಿದನು. ಹುಡುಕಿ ಬಳಲಿದ ಮರಿಯಳು ಏನು ಮಾಡಿದಳು? ಯಾಕೆ ಹೀಗೆ ಮಾಡಿದಿ ಎಂದು ಕೇಳಿದಳು. ತಾವಿಬ್ಬರೂ ಪಟ್ಟ ವ್ಯಥೆಯನ್ನು ಮಗನಿಗೆ ತಿಳಿಸಿದಳು. ನಮ್ಮಲ್ಲಿ ಎಷ್ಟು ಮಂದಿ ತಮ್ಮ ವ್ಯಥೆಯನ್ನು ಮಕ್ಕಳಿಗೆ ತೋರಿಸುತ್ತಾರೆ? ಕೋಲನ್ನು ತೋರಿಸುವದು ಸುಲಭ. ಬಾಲಕನು ಕೊಟ್ಟ ಉತ್ತರವು ಆ ತಂದೆತಾಯಿಗಳಿಗೆ ತಿಳಿಯಲಿಲ್ಲ. ಆದಾಗ್ಯೂ ಅವನು ಅವರ ಸಂಗಡ ನಜರೇತಿಗೆ ಇಳಿದು ಹೋಗಿ ಅವರಿಗೆ ಅಧೀನನಾಗಿದ್ದನು. ನಾಲ್ಕು ಪುಸ್ತಕ ಓದಿ, ನಮ್ಮ ಅಪ್ಪನಿಗೆ ಏನು ಗೊತ್ತು, ಎಂದು ಹೇಳುವ ಶಾಲೆಯ ಮಕ್ಕಳೇ, ಇದನ್ನು ಚೆನ್ನಾಗಿ ಲಕ್ಷ್ಯವಿಟ್ಟು ಓದಿರಿ.

ಇನ್ನೊಂದು ಪ್ರಶ್ನೆಯುಂಟು; ಅದು ಕಷ್ಟವಾದದ್ದು. ಕೆಲವರ ತಂದೆತಾಯಿಗಳು ಈಗಲೂ ಹಿಂದಿನ ಮತದಲ್ಲಿಯೇ ಇದ್ದಾರೆ. ಭೂತದ ಸ್ಥಾನಕ್ಕೆ ಕೋಳಿಯನ್ನು ತೆಗೆದುಕೊಂಡು ಹೋಗೆಂದು ತಂದೆಯು ಹೇಳಿದರೆ ಮಗನು ಏನು ಮಾಡಬೇಕು? ಪೌಲನು ಕರ್ತನಲ್ಲಿ ಎಂಬ ಮಾತನ್ನು ಕೂಡಿಸಿದ್ದು ವ್ಯರ್ಥವಲ್ಲ. ಅಪ್ಪಾ, ಇದೊಂದು ನನ್ನಿಂದಾಗದು, ಎಂದು ಮೆಲ್ಲನೆ ಹೇಳಬೇಕು; ಬೈಗಳು ಬಂದರೆ ತಾಳಿಕೊಳ್ಳಬೇಕು. ಅದೇ ತಂದೆಯು ಗದ್ದೆಗೆ ನೀರು ಬಿಡೆಂದರೆ ಅಣ್ಣತಮ್ಮಂದಿರಿಗಿಂತ ಮುಂಚೆ ಎದ್ದು ಹೋಗಬೇಕು. ದೀಕ್ಷಾಸ್ನಾನವಾದ ಮೇಲೆ ಆ ಮನೆಯ ಹಂಗು ನಮಗಿಲ್ಲವೆಂದು ಹೇಳುವವರನ್ನು ಕಂಡಿದ್ದೇವೆ. ದೇವರಿಗೆ ಕೊಟ್ಟಾಯಿತೆಂದು ಕೊರ್ಬಾನಿನ ನೆವ ಹೇಳಿ ಹೆತ್ತವರಿಗೆ ಸಲ್ಲತಕ್ಕದ್ದನ್ನು ತಪ್ಪಿಸಿದ ಫರಿಸಾಯರನ್ನು ಯೇಸುವು ಗದರಿಸಿದ್ದು ಮಾರ್ಕನ 7ನೆಯ ಅಧ್ಯಾಯದಲ್ಲಿದೆ. ಬರುವ ಸುಗ್ಗಿಯ ಹಬ್ಬಕ್ಕೆ ಸಭೆಗೆ ಅಕ್ಕಿಯನ್ನು ತರಬೇಕೆಂದಿರುವವನು, ಹಳೇ ಮನೆಯಲ್ಲಿ ತಾಯಿಯ ಮಡಕೆ ಬರಿದಾಗಿದ್ದರೆ, ಮೊದಲು ಅಲ್ಲಿಗೆ ಹೋಗಿ ಬರಲಿ. ಸಭೆಯ ಕಾಣಿಕೆಯು ಮುಂದಿನ ಆದಿತ್ಯವಾರ ಬಂದರೂ ನಾವು ಸಂತೋಷದಿಂದ ತೆಗೆದುಕೊಳ್ಳುವೆವು.